ಲಿಫ್ಟಿನೊಳಗೆ ಮರುಗದ ವಾಸನೆ

ಮರುಗದ ವಾಸನೆ ಮೂಗಿಗೆ ಬಡಿದರೆ ನನಗೆ ಈಗಲೂ ಬೆಂಗಳೂರಿನ ಆ ಎತ್ತರದ ಶಾಪಿಂಗ್ ಕಾಂಪ್ಲೆಕ್ಸಿನ ಲಿಫ್ಟ್ ನೆನಪಾಗುತ್ತದೆ.

ಸೀರೆ ತರಲು ಹೋಗುತ್ತೇವೆಂದು ಅಕ್ಕಪಕ್ಕದವರಿಗೆ ಹೇಳಿ ತಾತ, ಅಮ್ಮ, ಚಿಕ್ಕಮ್ಮ ಮತ್ತು ಆಗಿನ್ನೂ ಚಿಕ್ಕವಳಾಗಿದ್ದ ನಾನು ಬನ್ನೂರಿನಲ್ಲಿ ಬಸ್ಸು ಹತ್ತಿದ್ದೆವು. ನಿಜವಾಗಿ, ಕಾಂಪ್ಲೆಕ್ಸಿನ ಮೇಲಿನ ಮಹಡಿಯ ಹೋಟೆಲಿಗೆ ಗಂಡಿನ ಕಡೆಯವರು ಚಿಕ್ಕಮ್ಮನನ್ನು ನೋಡಲು ಬರುವವರಿದ್ದರು. ಅವರು ಒಪ್ಪದಿದ್ದರೆ ಊರಿಗೆ ಗೊತ್ತಾಗಬಾರದೆಂಬುದು ತಾತನ ಲೆಕ್ಕ. ದಾರಿಯುದ್ದಕ್ಕೂ ತಾತ ಅವಳಿಗೆ ಹೇಳುತ್ತಲೇ ಇದ್ದರು: "ನಗಬ್ಯಾಡ. ಕೇಳುದ್ರೆ ಮಾತ್ರ ಮಾತಾಡು."

ಕಾಂಪ್ಲೆಕ್ಸ್ ತಲುಪಿದಾಗ, "ಮೆಟ್ಲು ಅತ್ತುದ್ರೆ ಬೆವರ್ತೀಯ ಕಣವ್ವ, ಪೌಡ್ರು ಕರಗೋಯ್ತದೆ. ನೀನೂ ಮಗೂನೂ ಲಿಫ್ಟಲ್ಲಿ ಬನ್ನಿ," ಎಂದು ತಾತ ಅಮ್ಮನೊಂದಿಗೆ ಮೆಟ್ಟಿಲು ಹತ್ತಿದರು.

ಕರೆಂಟ್ ಹೋಗಿ ಲಿಫ್ಟ್ ನಡುವೆ ನಿಂತಿತು. ಫ್ಯಾನೂ ನಿಂತಿತು. ಚಿಕ್ಕಮ್ಮನ ಜಡೆಯ ಮರುಗ ಆ ಕತ್ತಲ ಪೆಟ್ಟಿಗೆಯಲ್ಲಿ ಉಸಿರುಗಟ್ಟುವಂತೆ ಘಮ್ಮೆಂದಿತು. ನಾನು ಅಳುತ್ತ ತಣ್ಣನೆಯ ಬಾಗಿಲು ಬಡಿದೆ.

"ಎದ್ರುಕೋಬೇಡಿ, ಈಗ ತೆಗೀತಾರೆ," ಎಂದು ಮೇಲಿನಿಂದ ತಾತ ಕೂಗಿದರು.

ಚಿಕ್ಕಮ್ಮ ಮಾತ್ರ ಅಮ್ಮನಿಂದ ಎರವಲು ತಂದ ಬಿಗಿ ಚಪ್ಪಲಿ ಕಳಚಿ, ರೇಷ್ಮೆ ಸೀರೆಯಲ್ಲೇ ನೆಲದ ಮೇಲೆ ಕಾಲು ಚಾಚಿ ಕೂತಳು. ನನ್ನನ್ನೂ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು.

"ಯಾಕಳ್ತೀಯೆ? ಇಲ್ಲಿ ನಮ್ಮನ್ನ ಯಾರೂ ನೋಡಕಿಲ್ಲ."

ಬಹಳ ಹೊತ್ತಿನ ಮೇಲೆ ದೀಪ ಹತ್ತಿ, ಲಿಫ್ಟ್ ಅಲುಗಿ ಮೇಲೇರಿತು. ಅವಳು ಎದ್ದು ಚಪ್ಪಲಿ ಮೆಟ್ಟಿ ನೆರಿಗೆ ಸರಿಮಾಡಿಕೊಂಡಳು. ಬಾಗಿಲು ಸರಿಯಿತು. ತಾತನ ಹಿಂದೆ ಇಸ್ತ್ರಿ ಬಟ್ಟೆಯ ಅಪರಿಚಿತರು ನಿಂತು ಒಳಗೆ ಇಣುಕುತ್ತಿದ್ದರು.

ನನ್ನ ಅಳು ನಿಂತಿತು. ಅಲ್ಲಿಯತನಕ ನೆಮ್ಮದಿಯಾಗಿದ್ದ ಚಿಕ್ಕಮ್ಮ ಆಗ ತಲೆ ತಗ್ಗಿಸಿ ನನ್ನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು.