ಪಪ್ಪನ ವೈಡ್ ಲೆನ್ಸ್

ಮದುವೆಯ ಮುನ್ನಾದಿನದ ಶಾಸ್ತ್ರದಲ್ಲಿ ಮದುಮಗಳ ತಲೆಗೆ ತೆಂಗಿನ ಹಾಲು ಹೊಯ್ಯುವ ಹೊತ್ತಿಗೆ ಸರಿಯಾಗಿ ಡೆನ್ಜಿಲ್ ತನ್ನ ಕ್ಯಾಮೆರಾ ಕೆಳಗಿಳಿಸಿದ. ಎದುರಿಗೆ ನಿರೀಕ್ಷಾ ಮೊಣಕಾಲೂರಿ, ಹಾಲಿನ ಹನಿ ಮೈಗೆ ಸಿಡಿಯುವಷ್ಟು ಹತ್ತಿರ ಹೋಗಿ ಫೋಟೋ ತೆಗೆಯುತ್ತಿದ್ದಳು. ಅವಳ ಕ್ಯಾಮೆರಾದಲ್ಲಿ ಕೂತಿದ್ದದ್ದು ಅವನ ಅಪ್ಪನ ಲೆನ್ಸ್. ಅಂಚು ನೆಗ್ಗಿದ ಆ ಹಳೇ ವೈಡ್ ಲೆನ್ಸನ್ನು ನೂರರ ನಡುವೆ ಇಟ್ಟರೂ ಅವನು ಗುರುತಿಸುತ್ತಿದ್ದ.

ಕಂಕನಾಡಿಯ ಸ್ಟುಡಿಯೋ ಈಗ ಡೆನ್ಜಿಲನದು. ಮೊದಲು ಅಪ್ಪ ಜೆರೋಮರದಾಗಿತ್ತು. ಬೋಳಾರದ ನಿರೀಕ್ಷಾ ಎರಡು ವರ್ಷದಿಂದ ಅವನ ಜೊತೆ ಮದುವೆಗಳಲ್ಲಿ ಎರಡನೇ ಕ್ಯಾಮೆರಾ ಹಿಡಿಯುತ್ತಿದ್ದಳು.

ಶಾಸ್ತ್ರ ಮುಗಿದ ಮೇಲೆ ಮದುಮಗಳ ತಾಯಿ ಮಟಿಲ್ಡಾ ಅವಳ ಕ್ಯಾಮೆರಾದ ಪರದೆಗೆ ಬಗ್ಗಿದರು. "ಓ ದೇವಾ, ಎಂತ ಚಂದ ಬಂದಿದೆ! ಆಲ್ಬಮಿನ ಮೊದಲ ಪುಟಕ್ಕೆ ಇದೇ ಇರ್ಲಿ ಡೆನ್ಜಿಲ್."

ಡೆನ್ಜಿಲ್ ನೋಡಿದ. ಇಡೀ ಅಂಗಳ, ಸುತ್ತ ನಿಂತ ಸಂಬಂಧಿಕರು, ನಡುವೆ ಕಣ್ಣು ಮುಚ್ಚಿ ನಗುವ ಮದುಮಗಳು. ಸಂಜೆಯ ಬಿಸಿಲು ಹಳೇ ಗಾಜಿನೊಳಗೆ ಕಲಸಿಕೊಂಡು ಎಲ್ಲರ ಮೇಲೂ ತೆಳುವಾಗಿ ಹರಡಿತ್ತು.

"ಅಂಚಿನಲ್ಲಿ ಶಾರ್ಪ್ ಇಲ್ಲ," ಎಂದ.

"ಅಂಚು ಯಾರಿಗೆ ಬೇಕು ಮಾರಾಯ?" ಎಂದರು ಮಟಿಲ್ಡಾ.

ಅವರು ಅತ್ತ ಹೋದ ಮೇಲೆ ಡೆನ್ಜಿಲ್ ಕೇಳಿದ, "ಇದು ಪಪ್ಪನದ್ದಲ್ವಾ?"

"ಹೌದು ಸರ್, ಅಂಕಲ್ ಕೊಟ್ಟದ್ದು." ನಿರೀಕ್ಷಾಳ ಮಾತಿನಲ್ಲಿ ಮುಚ್ಚುಮರೆ ಇರಲಿಲ್ಲ. "ಒಳಗೆ ಫಂಗಸ್ ಹಿಡಿದಿತ್ತು. ನಾನು ಮಧ್ಯಾಹ್ನ ಅವರ ಹತ್ರ ಹೋಗ್ತಿದ್ದೆ, ಇಬ್ಬರೂ ಕೂತು ಬಿಚ್ಚಿ ಕ್ಲೀನ್ ಮಾಡಿದೆವು. ಅಡಾಪ್ಟರ್ ಹಾಕಿದ್ರೆ ಹೊಸ ಕ್ಯಾಮೆರಾಕ್ಕೂ ಕೂತ್ಕೊಳ್ತದೆ. ಫೋಕಸ್ ಮಾತ್ರ ಕೈಯಲ್ಲೇ ತಿರುಗಿಸ್ಬೇಕು. ನಿಮಗೆ ಗೊತ್ತುಂಟು ಅಂತ ಗ್ರಹಿಸಿದೆ."

ಡೆನ್ಜಿಲನಿಗೆ ಗೊತ್ತಿರಲಿಲ್ಲ. ಅವನಿಗೆ ಗೊತ್ತಿದ್ದದ್ದು ಇಷ್ಟೇ: ಹತ್ತು ವರ್ಷದವನಿದ್ದಾಗ ಆ ಲೆನ್ಸ್ ಮುಟ್ಟಿದ್ದಕ್ಕೆ ಪಪ್ಪ ಬೆನ್ನಿಗೆ ಬಾರಿಸಿದ್ದರು. ಆಮೇಲೆ ಡಿಜಿಟಲ್ ಬಂತು, ಅವನೇ ಸ್ಟುಡಿಯೋ ನಡೆಸತೊಡಗಿದ, ಲಕ್ಷಗಟ್ಟಲೆ ಬೆಲೆಯ ಹೊಸ ಲೆನ್ಸ್‌ಗಳು ಬಂದವು. ಹಳೆಯದು ಕಪಾಟಿನಲ್ಲಿ ಇದೆ ಎಂಬುದೇ ಅವನಿಗೆ ಮರೆತುಹೋಗಿತ್ತು. ಆದರೆ ಈಗ ಅದು ಇನ್ನೊಬ್ಬಳ ಕೈಯಲ್ಲಿ ಅಷ್ಟು ಸಲೀಸಾಗಿ ತಿರುಗುವುದನ್ನು ನೋಡಿಕೊಂಡಿರಲು ಅವನಿಂದಾಗಲಿಲ್ಲ.

ಮರುದಿನ ಮದುವೆ ಮುಗಿದು ಬ್ಯಾಗ್ ಕಟ್ಟುವಾಗ ಅವನು ಅವಳ ಮುಖ ನೋಡದೆ ಹೇಳಿದ, "ಪಪ್ಪ ಆ ಲೆನ್ಸ್ ವಾಪಸ್ ಕೇಳ್ತಿದ್ದಾರೆ."

ನಿರೀಕ್ಷಾಳ ಕೈ ನಿಂತಿತು. "ಅಂಕಲಿಗೆ ಎಂತ, ಬೇಜಾರಾಯ್ತಾ ಸರ್?"

"ಗೊತ್ತಿಲ್ಲ. ಕೇಳಿದ್ರು, ಅಷ್ಟೆ."

ಅವಳು ಲೆನ್ಸ್ ಕಳಚಿದಳು. ಗಾಜನ್ನು ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಮುಚ್ಚಳ ಹಾಕಿ, ಅವನ ಅಂಗೈಯಲ್ಲಿಟ್ಟಳು. "ಅಡಾಪ್ಟರ್ ನಂದು. ಆದ್ರೂ ಇರ್ಲಿ, ಅದಿಲ್ಲದಿದ್ರೆ ನಿಮ್ಮದಕ್ಕೆ ಕೂತ್ಕೊಳ್ಳುದಿಲ್ಲ," ಎಂದಳು. ಆಮೇಲೆ ಅವಳು ಜೆರೋಮರನ್ನು ನೋಡಲು ಹೋಗಲಿಲ್ಲ.

ವಾರ ಕಳೆದು ಅವಳು ಮದುವೆಯ ಫೋಟೋಗಳಿದ್ದ ಹಾರ್ಡ್‌ಡಿಸ್ಕ್ ಕಳಿಸಿದಳು. ಅದರೊಳಗೆ 'ಅಂಕಲ್' ಎಂಬ ಫೋಲ್ಡರೂ ಸೇರಿಕೊಂಡಿತ್ತು. ಸ್ಟುಡಿಯೋದಲ್ಲಿ ಒಬ್ಬನೇ ಕೂತು ಡೆನ್ಜಿಲ್ ತೆರೆದ. ಅರವತ್ತಮೂರು ಫೋಟೋ. ಕಿಟಕಿಯ ಬೆಳಕಿಗೆ ಗಾಜು ಹಿಡಿದು ಒಂದು ಕಣ್ಣು ಮುಚ್ಚಿದ ಪಪ್ಪ. ಬಂಗುಡೆಯ ಮುಳ್ಳು ಬಿಡಿಸುತ್ತಾ ಏನೋ ಕಥೆ ಹೇಳುತ್ತಿರುವ ಪಪ್ಪ. ಕೊನೆಯದರಲ್ಲಿ ಪಪ್ಪ ಬೊಚ್ಚು ಬಾಯಿ ಅಗಲಿಸಿ ನಗುತ್ತಿದ್ದರು. ಹಲ್ಲಿನ ಸೆಟ್ ಇಲ್ಲದೆ ಸೊಸೆಯ ಎದುರಿಗೂ ಬಾರದ ಮನುಷ್ಯ! ಅಷ್ಟು ಹತ್ತಿರದಿಂದ ತೆಗೆದ ಫೋಟೋ ಅದು, ಗಲ್ಲದ ಬಿಳಿ ಗಡ್ಡದ ಕೂದಲನ್ನು ಎಣಿಸಬಹುದಿತ್ತು.

ಡೆನ್ಜಿಲ್ ತನ್ನ ಇಪ್ಪತ್ತು ವರ್ಷದ ಫೋಟೋಗಳಲ್ಲಿ ಪಪ್ಪನನ್ನು ಹುಡುಕಿದ. ಒಂದು ಸಿಕ್ಕಿತು. ಯಾರದೋ ನಾಮಕರಣದ ಗ್ರೂಪ್ ಫೋಟೋ, ಹಿಂದಿನ ಸಾಲಿನಲ್ಲಿ ಅರ್ಧ ಮುಖ.

ಅವನು ನಡುಮಧ್ಯಾಹ್ನವೇ ಸ್ಟುಡಿಯೋದ ಶಟರ್ ಎಳೆದು, ಹಳೇ ಲೆನ್ಸನ್ನು ತನ್ನ ಕ್ಯಾಮೆರಾಕ್ಕೆ ಸಿಕ್ಕಿಸಿಕೊಂಡು ಮನೆಗೆ ಹೋದ. ಜೆರೋಮ್ ಜಗಲಿಯ ಕುರ್ಚಿಯಲ್ಲಿದ್ದರು. ಮಗನ ಕೈಯಲ್ಲಿದ್ದದ್ದು ಏನೆಂದು ಅವರಿಗೆ ದೂರದಿಂದಲೇ ಗೊತ್ತಾಯಿತು.

"ಅದು ಆ ಹುಡುಗಿಯ ಹತ್ರ ಇತ್ತಲ್ಲ?"

ನಿಜ ಹೇಳಿಬಿಡಲು ಅದೇ ಸರಿಯಾದ ಹೊತ್ತಾಗಿತ್ತು. ಆದರೆ ಡೆನ್ಜಿಲ್ ಹೇಳಿದ, "ಅವಳಿಗೆ ಬೇಡ ಅಂತೆ ಪಪ್ಪಾ. ವಾಪಸ್ ಕೊಟ್ಟಳು."

"ಬೇಡ ಅಂತ ಅವಳೇ ಹೇಳಿದಳಾ?"

"ಹೂಂ."

ಜೆರೋಮ್ ಗೇಟಿನ ಕಡೆ ನೋಡಿದರು. "ಹಾಗಾ. ಅದಕ್ಕೇ ಅವಳು ಈಗ ಬರುದಿಲ್ಲ," ಎಂದರು.

"ಹಾಗೇ ಕೂತಿರಿ ಪಪ್ಪಾ, ಒಂದು ಫೋಟೋ."

ಡೆನ್ಜಿಲ್ ಕಣ್ಣಿಗೆ ಕ್ಯಾಮೆರಾ ಹಿಡಿದು ಉಂಗುರ ತಿರುಗಿಸಿದ. ಜಗಲಿ, ಹೂಕುಂಡ, ಕಂಬ, ಎಲ್ಲ ಕಂಡಿತು. ನಡುವೆ ಪಪ್ಪ ಎಲ್ಲೋ ಪುಟ್ಟದಾಗಿ ಇದ್ದರು. ಒಂದು ಹೆಜ್ಜೆ ಮುಂದೆ ಹೋದ. ಇನ್ನೊಂದು. ಮತ್ತೂ ಒಂದು. ಒಂದೂವರೆ ಅಡಿಗೆ ಬಂದಾಗ ಮುಖ ತುಂಬಿ ಬಂತು, ಸುಕ್ಕುಗಳು ಒಂದೊಂದಾಗಿ ಸ್ಪಷ್ಟವಾದವು. ಇಷ್ಟು ಹತ್ತಿರ ಅವನು ಪಪ್ಪನೆದುರು ಯಾವಾಗ ನಿಂತಿದ್ದನೋ ನೆನಪಾಗಲಿಲ್ಲ.

ಜೆರೋಮ್ ತಲೆಯನ್ನು ತುಸು ಹಿಂದಕ್ಕೆ ಎಳೆದುಕೊಂಡರು. ಅಂಗಿಯ ಮೇಲಿನ ಗುಂಡಿ ಹಾಕಿದರು. ಎರಡೂ ಅಂಗೈಗಳನ್ನು ಮೊಣಕಾಲಿನ ಮೇಲಿಟ್ಟು, ಬೆನ್ನು ನೆಟ್ಟಗೆ ಮಾಡಿ, ಗಲ್ಲ ಎತ್ತಿ ಕೂತರು.

"ಎಂತಕ್ಕೆ ಪುತಾ," ಎಂದು ಕೇಳಿದರು, "ಪಾಸ್‌ಪೋರ್ಟಿಗಾ?"