ಬಾಗಿಲ ಕಡೆ ತಿರುಗಿದ ಬೂಟು

ಇಂಡೊನೇಷ್ಯಾದ ವಿದ್ಯಾರ್ಥಿ ತಂಡ ಜಪಾನಿನ ಮಾತ್ಸುಮೊತೊಗೆ ಬಂದ ಮೂರನೆಯ ದಿನ ಬೆಳಗ್ಗೆ, ಹಾತ್ಸುಯೆ ಅಜ್ಜಿಯ ಮನೆಯಲ್ಲಿ ಉಳಿದಿದ್ದ ರತಿಹ್ ಚೀಲ ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಕಣ್ಣು ತುಂಬಿತ್ತು.

"ಅಜ್ಜೀ, ನಾನೇನು ತಪ್ಪು ಮಾಡ್ದೆ? ದಿನಾ ನನ್ನ ಬೂಟು ಬಾಗಿಲ ಕಡೆ ತಿರುಗಿಸಿಡ್ತೀರಲ್ಲ, ಹೋಗು ಅಂತ ತಾನೇ?"

ಅಜ್ಜಿಗೆ ನಗು ತಡೆಯಲಾಗಲಿಲ್ಲ. "ಅಯ್ಯೋ ಪೆದ್ದೀ! ಹೊರಡೋವಾಗ ಸಲೀಸಾಗಿ ಕಾಲು ತೂರಿಸ್ಲಿ ಅಂತ ಕಣೇ. ನನ್ನ ಗಂಡನ ಬೂಟೂ ನಲವತ್ತು ವರ್ಷ ಹಾಗೇ ಇಟ್ಟೆ. ಪುಣ್ಯಾತ್ಮ ಊಟಕ್ಕೆ ಸರಿಯಾಗಿ ಬಂದುಬಿಡೋರು!"

ಮರುದಿನ ತರಕಾರಿ ತೋಟಕ್ಕೆ ಹೊರಟ ಅಜ್ಜಿ ನೋಡಿದರೆ, ತನ್ನದೇ ಮಣ್ಣು ಮೆತ್ತಿದ ಚಪ್ಪಲಿ ಬಾಗಿಲಿಗೆ ಮುಖ ಮಾಡಿ ಕೂತಿತ್ತು. ಎಲ್ಲರ ಜೋಡು ತಿರುಗಿಸಿಟ್ಟವಳಿಗೆ ಇದುವರೆಗೆ ಯಾರೂ ಹಾಗೆ ಮಾಡಿರಲಿಲ್ಲ.

"ಏನೇ, ನನ್ನನ್ನೇ ಮನೆಯಿಂದ ಓಡಿಸ್ತೀಯಾ?" ಮೂಗೊರೆಸಿಕೊಂಡು ಕೂಗಿದಳು.

ಒಳಗಿನಿಂದ ಉತ್ತರ ಬಂತು: "ಊಟಕ್ಕೆ ಸರಿಯಾಗಿ ಬಂದ್ಬಿಡಿ, ಅಜ್ಜೀ!"