ಹಿಡಿಯಕ್ಕಿಯ ಕಟ್ಟಡ

"ಈ ಹೆಸರು ಎಂತಕ್ಕೆ ಟೀಚರ್?" ಮಹಿಳಾ ಮಂಡಲದ ಅಧ್ಯಕ್ಷೆ ಹರಿಣಾಕ್ಷಿ ವಂದನಾರ್ಪಣೆಯ ಕಾಗದದ ಮೇಲೆ ಬೆರಳಿಟ್ಟು ಕೇಳಿದಳು. ಹೊರಗೆ ಚಪ್ಪರದಡಿ ಹೆಂಗಸರು ಸೇರತೊಡಗಿದ್ದರು. ಆಲಂಕಾರಿನ ಮಹಿಳಾ ಮಂಡಲದ ಹೊಸ ಕಟ್ಟಡಕ್ಕೆ ಅಂದು ಉದ್ಘಾಟನೆ.

"ಕುಂಜಮ್ಮನವರು ಹಿಂದಿನ ಅಧ್ಯಕ್ಷರಲ್ವಾ ಅಕ್ಕ? ಹಿಡಿಯಕ್ಕಿ ಶುರು ಮಾಡಿದ್ದು ಅವರು," ಎಂದಳು ಬಾಲವಾಡಿಯ ಟೀಚರ್ ಪ್ರೇಮಾವತಿ.

"ಶುರು ಮಾಡಿದ್ದು ಹೌದು. ಬರೀ ಅಕ್ಕಿಯಲ್ಲಿ ಗೋಡೆಯ ಮೇಲೆ ಹೆಂಚಿನ ಮಾಡು ಏರ್ತದಾ? ಅನುದಾನಕ್ಕೆ ಪುತ್ತೂರಿನ ಆಫೀಸಿಗೆ ಅಲೆದದ್ದು ಯಾರು? ಉದ್ಘಾಟನೆಗೆ ಬರುವ ಬಿಡಿಒ ಎದುರು ಅವರ ಹೆಸರು ಹೇಳಿದರೆ, ನಾನು ಇಷ್ಟು ದಿನ ಇಲ್ಲಿ ಗೋಡೆಗೆ ಸುಣ್ಣ ಹೊಡೀತಾ ಇದ್ದದ್ದಾ?"

"ಒಂದೇ ಒಂದು ವಾಕ್ಯ ಅಕ್ಕ."

"ಅರ್ಧ ವಾಕ್ಯವೂ ಬೇಡ. ವಂದನಾರ್ಪಣೆ ನಿಮ್ಮದು. ಬಂದವರಿಗೆ, ಮೈಕಿನವರಿಗೆ, ಚಪ್ಪರದವರಿಗೆ ಹೇಳಿ ಮುಗಿಸಿ." ಹರಿಣಾಕ್ಷಿ ಸೆರಗು ಸರಿಪಡಿಸಿಕೊಂಡು ನಕ್ಕಳು. "ಬಾಲವಾಡಿಯ ಕೆಲಸ ಮುಂದಿನ ವರ್ಷಕ್ಕೂ ಬೇಕಲ್ಲ ಮಾರಾಯ್ರೆ ನಿಮಗೆ?"

ಪ್ರೇಮಾವತಿ ಬಿ.ಎ. ಓದಿದವಳು. ಆಡುವ ಮಾತನ್ನು ನಾಲಿಗೆಯ ಮೇಲೆ ಹೊರಳಿಸಿ ನೋಡಿಯೇ ಆಡುವ ಜಾತಿ. ಹೊರಳಿಸಿ ನೋಡಿದಳು, ನುಂಗಿದಳು. ಪೆನ್ನು ತೆಗೆದು ಹೆಸರಿನ ಮೇಲೆ ಗೆರೆ ಎಳೆದಳು.

ಹೊರಗೆ ಬಂದರೆ ಕೊನೆಯ ಬೆಂಚಿನಿಂದ ಕುಂಜಮ್ಮ ಕೈಬೀಸಿ ಕರೆದರು. ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ಸಡಿಲ ರವಿಕೆ, ಮುಂಡು, ಕಿವಿಯಲ್ಲಿ ಬಳೆಯಂಥ ದೊಡ್ಡ ಬಂಗಾರದ ಓಲೆ. ಪಕ್ಕದಲ್ಲಿ ಗಂಡ ಮಾಣಿ. ಕೇರಳದಿಂದ ಬಂದು ಪೆರಾಬೆಯ ಗುಡ್ಡದಲ್ಲಿ ರಬ್ಬರ್ ತೋಟ ಎಬ್ಬಿಸಿದ ದಂಪತಿ.

"ಮೋಳೆ, ಮಗಳೇ, ನನ್ನ ಹೆಸರು ಉಂಟಲ್ಲ ಇವತ್ತು? ಅದಕ್ಕೇ ಇವರನ್ನು ಎಳ್ಕೊಂಡು ಬಂದದ್ದು. ನಾನು ಗೋಣಿ ಹಿಡ್ಕೊಂಡು ಮನೆ ಮನೆ ಹೋಗುವಾಗ, ತೋಟ ಇರುವವನ ಹೆಂಡತಿ ಬೇಡ್ಲಿಕ್ಕೆ ಹೊರಟಿತು ಅಂತ ಅಂಗಡಿಯಲ್ಲಿ ಕೂತು ನಗಾಡಿದ ಮನುಷ್ಯ ಇದು. ಇವತ್ತು ಕಿವಿ ತುಂಬ ಕೇಳಲಿ."

"ಕೇಳುವ, ಕೇಳುವ," ಎಂದ ಮಾಣಿ, ಕಾಲಾಡಿಸುತ್ತ. "ಎಂತ ಹೇಳ್ತಾರೆ ನೋಡುವ."

ಪ್ರೇಮಾವತಿ ಕೈಯಲ್ಲಿದ್ದ ಕಾಗದವನ್ನು ಮಡಚಿದಳು. "ಕೂತ್ಕೊಳ್ಳಿ, ಈಗ ಶುರುವಾಗ್ತದೆ," ಎಂದಷ್ಟೇ ಹೇಳಿ ಮುಂದೆ ಹೋದಳು.

ಅನ್ನಕ್ಕೆ ಅಕ್ಕಿ ಅಳೆದ ಮೇಲೆ ಅದರಿಂದ ಒಂದು ಹಿಡಿ ತೆಗೆದು ಬೇರೆ ಮಡಕೆಗೆ ಹಾಕುವುದು ಕುಂಜಮ್ಮನ ಇಗರ್ಜಿಯ ಪದ್ಧತಿ. ಅಲ್ಲಿ ಅದು ದೇವರ ಪಾಲು. ಅದನ್ನು ಊರಿನ ಹೆಂಗಸರ ಪಾಲು ಮಾಡಿದವರು ಅವರು. ಶನಿವಾರ ಬಂತೆಂದರೆ ಗೋಣಿ ಹೆಗಲಿಗೇರಿಸಿ ಗೌಡರ ಮನೆ, ಬ್ಯಾರಿಗಳ ಮನೆ, ಕೂಲಿಯವರ ಬಿಡಾರ ಎಂದು ನೋಡದೆ ಹತ್ತಿ ಇಳಿದರು. ಕೆಲವರು ನಾಯಿ ಬಿಟ್ಟರು. ಆ ಅಕ್ಕಿ ಮಾರಿಯೇ ಈ ಕಟ್ಟಡಕ್ಕೆ ಅಡಿಪಾಯದ ಪಂಚಾಂಗ ಬಿದ್ದದ್ದು, ಕೆಂಪುಕಲ್ಲಿನ ಗೋಡೆ ಕಿಟಕಿಯವರೆಗೆ ಎದ್ದದ್ದು. ಅನುದಾನ ಬಂದದ್ದು ಆಮೇಲೆ.

ಹರಿಣಾಕ್ಷಿ ಮೈಕಿನ ಮುಂದೆ ನಿಂತಳು. "ಮಾನ್ಯ ಬಿಡಿಒ ಸಾಹೇಬರೇ, ಪ್ರತಿ ಮನೆಯಿಂದ ಒಂದು ಹಿಡಿ ಅಕ್ಕಿ ಎಂಬ ಹೊಸ ಯೋಜನೆಯನ್ನು ನಮ್ಮ ಆಡಳಿತ ಸಮಿತಿ ಹಾಕಿಕೊಂಡು..."

ಬಿಡಿಒ ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನಲ್ಲಿ ಬೀಡಿ ಕಟ್ಟುವ ಕದೀಜಮ್ಮ ಪಕ್ಕದವಳಿಗೆ ಹೇಳಿದ್ದು ವೇದಿಕೆಗೂ ಕೇಳಿತು. "ಅಲ್ಲ ಮಾರಾಯ್ತಿ, ಇವರು ನಮ್ಮ ಕಡೆ ಯಾವಾಗ ಬಂದದ್ದು? ನನಗೆ ಕಣ್ಣು ಕಾಣುದಿಲ್ವಾ?"

ಪ್ರೇಮಾವತಿ ನೋಡಿದ್ದು ಕೊನೆಯ ಬೆಂಚನ್ನು. ಮಾಣಿ ಹೆಂಡತಿಯ ಕಿವಿಯ ಹತ್ತಿರ ಬಾಗಿ ಏನೋ ಹೇಳಿ ನಕ್ಕ. ಕುಂಜಮ್ಮ ನಗಲಿಲ್ಲ, ಬೈಯಲೂ ಇಲ್ಲ. ತಲೆ ತಗ್ಗಿಸಿ ಮುಂಡಿನ ನೆರಿಗೆಯನ್ನು ನೀವತೊಡಗಿದರು. ಎಲ್ಲರಿಗೂ ಎದುರುತ್ತರ ಕೊಟ್ಟೇ ಬದುಕಿದ ಹೆಂಗಸು ಹಾಗೆ ಕುಳಿತದ್ದನ್ನು ಕಂಡು ಪ್ರೇಮಾವತಿಯ ಮೈಯೆಲ್ಲ ಉರಿಯಿತು. ಹರಿಣಾಕ್ಷಿಯ ಮೇಲೆ ಎಷ್ಟೋ, ಗೆರೆ ಎಳೆದ ತನ್ನ ಕೈಯ ಮೇಲೆಯೂ ಅಷ್ಟೇ ಸಿಟ್ಟು.

ಅವಳ ಸರದಿ ಬಂತು. ಬಿಡಿಒಗೆ, ಮೈಕಿನವರಿಗೆ, ಚಪ್ಪರದವರಿಗೆ, ಎಲ್ಲರಿಗೂ ವಂದನೆ ಹೇಳಿದಳು. ಕಾಗದ ಮುಗಿಯಿತು. ಅವಳು ಇಳಿಯಲಿಲ್ಲ.

"ಇನ್ನೊಬ್ಬರಿಗೆ ಹೇಳಲಿಕ್ಕೆ ಉಂಟು. ಅವರ ಹೆಸರು ಹೇಳಲಿಕ್ಕೆ ನನಗೆ ಅನುಮತಿ ಇಲ್ಲ." ಒಂದೊಂದು ಶಬ್ದವೂ ಬಿಡಿಬಿಡಿಯಾಗಿ ಕೇಳಿಸಿತು. "ಹಾಗಾಗಿ ನಿಮ್ಮಲ್ಲೇ ಕೇಳ್ತೇನೆ. ಶನಿವಾರ ಶನಿವಾರ ನಿಮ್ಮ ಜಗಲಿಗೆ ಗೋಣಿ ತಂದದ್ದು ಯಾರು?"

ಅಡಿಕೆ ಸುಲಿಯಲಿಕ್ಕೆ ಹರಿಣಾಕ್ಷಿಯ ಅಂಗಳಕ್ಕೆ ಹೋಗುವ ಹೆಂಗಸರು ನೆಲ ನೋಡಿದರು. ಕದೀಜಮ್ಮ ತಲೆಯ ಮೇಲಿನ ಬಟ್ಟೆ ಎಳೆದುಕೊಂಡು ಎದ್ದು ನಿಂತಳು. "ಹೇಳ್ಲಿಕ್ಕೆ ಎಂತ ಹೆದರಿಕೆ? ಅದು..."

"ರಾಷ್ಟ್ರಗೀತೆ!" ಹರಿಣಾಕ್ಷಿ ಮೈಕು ಕಿತ್ತುಕೊಂಡು ಕೂಗಿದಳು. "ಎಲ್ಲರೂ ಎದ್ದು ನಿಲ್ಲಬೇಕು!"

ವೇದಿಕೆಯ ಬದಿಯಲ್ಲಿ ಕಾದಿದ್ದ ಹುಡುಗಿಯರು ಬೆಚ್ಚಿ ಹಾಡು ಎತ್ತಿದರು. ಬಿಡಿಒ ನೆಟ್ಟಗೆ ನಿಂತರು. ಬೆಂಚುಗಳೆಲ್ಲ ಖಾಲಿಯಾದವು. ಕದೀಜಮ್ಮ ಬಾಯಿ ಮುಚ್ಚಿ, ಕೈ ಇಳಿಬಿಟ್ಟು ನಿಂತಳು. ಹಿಂದೆ ಕುಂಜಮ್ಮನೂ ನಿಂತರು. ಮಾಣಿಯ ಮುಖದಲ್ಲಿ ಈಗ ನಗೆ ಇರಲಿಲ್ಲ. ಹರಿಣಾಕ್ಷಿ ಎಲ್ಲರಿಗಿಂತ ಜೋರಾಗಿ ಹಾಡುತ್ತಿದ್ದಳು. ಪ್ರೇಮಾವತಿಗೆ ಕೆಲಸ ಹೋಯಿತೆಂಬುದು ಖಚಿತವಾಯಿತು. ಆದರೂ ಸಿಟ್ಟು ಇಳಿಯಲಿಲ್ಲ.

ಹಾಡು ಮುಗಿಯಿತು. ಬೇರೆ ದಿನವಾದರೆ ಆ ಹೊತ್ತಿಗೆ ಬೆಂಚು ಸರಿಸುವ ಸದ್ದು, ಚಹಾಕ್ಕೆ ನುಗ್ಗುವ ಗಲಾಟೆ. ಅಂದು ಯಾರೂ ಕೂರಲಿಲ್ಲ, ಯಾರೂ ಹೊರಡಲಿಲ್ಲ.

ಹುಡುಗಿಯರು ವೇದಿಕೆಯಿಂದ ಇಳಿಯುವವರೆಗೆ ಕದೀಜಮ್ಮ ಮರ್ಯಾದೆಯಿಂದ ಕಾದಳು. ಆಮೇಲೆ ಕತ್ತೆತ್ತಿ ಕೇಳಿದಳು:

"ಟೀಚರೇ, ಈಗ ಹೇಳಬಹುದಾ?"